ಟ್ಯೂರಿಂಗ್‌ಗಿಂತ ಮೊದಲೇ ಯಾರೋ ಮಾಡಿಬಿಟ್ಟಿದ್ದರು

ಐದನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್‌ಗೆಂದು ನಾನು ಕೊಟ್ಟ ಸಿನಾಪ್ಸಿಸ್ ವಾಪಸ್ ಬಂತು. ಇದನ್ನು ಆಗಲೇ ಎಷ್ಟೋ ಜನ ಮಾಡಿದ್ದಾರೆ, ಹೊಸತನ ಇಲ್ಲ ಎಂಬುದು ಕಾರಣ. ಇಂಜಿನಿಯರಿಂಗ್ ಓದುವ ಎಲ್ಲರಿಗೂ ಈ ಮಾತು ಪರಿಚಿತ. ಹೊಸತನ ಎಂದರೆ ಹೆಸರಿನಲ್ಲಿ ಸ್ಮಾರ್ಟ್ ಇರಬೇಕು, ಇಲ್ಲವೇ ಎಐ ಇರಬೇಕು. ಕೊನೆಗೆ ನಮ್ಮ ನಾಲ್ವರ ತಂಡ ಮುಖ ನೋಡಿ ಹಾಜರಿ ಹಾಕುವ ಆ್ಯಪ್ ಮಾಡಿತು. ನಮ್ಮ ಕ್ಲಾಸಿನಲ್ಲೇ ಇನ್ನೂ ಮೂರು ತಂಡಗಳು ಅದನ್ನೇ ಮಾಡಿದವು. ಅದಕ್ಕೆ ಯಾರೂ ಹೊಸತನದ ಪ್ರಶ್ನೆ ಕೇಳಲಿಲ್ಲ.

ನಾನು ಕೊಟ್ಟಿದ್ದ ಐಡಿಯಾ ಒಂದು ಎಮ್ಯುಲೇಟರ್. ಒಂದು ಕಂಪ್ಯೂಟರ್ ಇನ್ನೊಂದರ ವೇಷ ಹಾಕುವುದಕ್ಕೆ ಆ ಹೆಸರು. ಹಗಲು ತೋಟದಲ್ಲಿ ಅಡಿಕೆ ಹೆಕ್ಕುವವರು ರಾತ್ರಿ ರಂಗಸ್ಥಳದಲ್ಲಿ ಕೌರವನಾಗುತ್ತಾರಲ್ಲ, ಹಾಗೆ. ಇಲ್ಲಿ ವೇಷಧಾರಿ ನನ್ನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್; ವೇಷ, 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ಬೇಬಿ ಎಂಬ ಕಂಪ್ಯೂಟರಿನದು. ಅದರ ಮೆಮೊರಿ ಒಟ್ಟು 32 ಸಾಲು, ಸಾಲಿಗೆ 32 ಬಿಟ್. ಇಡೀ ಮೆಮೊರಿಯಲ್ಲಿ ಒಂದು ವಾಟ್ಸ್ಆ್ಯಪ್ ಸ್ಟಿಕ್ಕರ್ ಹಿಡಿಸುವುದಿಲ್ಲ. ಅದಕ್ಕೆ ಗೊತ್ತಿರುವುದು ಏಳೇ ಏಳು ಆದೇಶ. ಅದರಲ್ಲಿ ಕೂಡಿಸುವುದೇ ಇಲ್ಲ! ಐದಕ್ಕೆ ಮೂರು ಕೂಡಿಸಬೇಕಾದರೆ ಐದನ್ನು ಮೈನಸ್ ಮಾಡಿ ತೆಗೆದುಕೊಳ್ಳಬೇಕು, ಅದರಿಂದ ಮೂರು ಕಳೆಯಬೇಕು, ಬಂದ ಮೈನಸ್ ಎಂಟನ್ನು ಒಂದು ಸಾಲಿನಲ್ಲಿ ಇಟ್ಟು, ಅದನ್ನೇ ಮತ್ತೆ ಮೈನಸ್ ಮಾಡಿ ಎತ್ತಬೇಕು. ಆಗ ಎಂಟು. ಇಷ್ಟು ಸುತ್ತಾಟ ಮಾಡಿಸುವ ಯಂತ್ರದ ಮೇಲೆ ಯಾಕೋ ನನಗೆ ಪ್ರೀತಿ ಹುಟ್ಟಿತು. ಮಾರ್ಕ್ಸ್ ಸಿಗದಿದ್ದರೂ ಮಾಡುತ್ತೇನೆ ಎಂದು ಮನೆಯಲ್ಲೇ ಶುರು ಮಾಡಿದೆ.

ಬೇಬಿಗೆ ಪ್ರೋಗ್ರಾಂ ಬರೆದವರು ಯಾರೆಂದು ಹುಡುಕುವಾಗ ಸಿಕ್ಕ ಹೆಸರುಗಳಲ್ಲಿ ಒಂದು ಅಲನ್ ಟ್ಯೂರಿಂಗ್. ಅಲ್ಲಿಯವರೆಗೆ ಟ್ಯೂರಿಂಗ್ ಎಂದರೆ ನನಗೆ ಥಿಯರಿ ಆಫ್ ಕಂಪ್ಯುಟೇಶನ್ ವಿಷಯದ ಕೊನೆಯ ಮಾಡ್ಯೂಲ್. ಕೊನೆಯದು ಎಂಬ ಕಾರಣಕ್ಕೆ ಅರ್ಧ ಕ್ಲಾಸ್ ಚಾಯ್ಸ್‌ನಲ್ಲಿ ಬಿಡುವ ಮಾಡ್ಯೂಲ್. ಮನುಷ್ಯನ ಕಥೆ ಓದತೊಡಗಿದ ಮೇಲೆ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ಕಂಪ್ಯೂಟರ್ ವಿಜ್ಞಾನದ ಪಿತಾಮಹ ಎಂದು ನಾವು ಕರೆಯುವ ಈ ಮನುಷ್ಯ ಏನು ಮಾಡಲು ಹೊರಟರೂ ಹೆಚ್ಚುಕಡಿಮೆ ಪ್ರತಿ ಸಲವೂ ಅದನ್ನು ಆಗಲೇ ಯಾರೋ ಮಾಡಿಬಿಟ್ಟಿದ್ದರು.

ಟ್ಯೂರಿಂಗ್ ಕುಟುಂಬದ ಬೇರು ಹುಡುಕಿದರೆ ನಮ್ಮ ಕಡೆಗೇ ಬರಬೇಕಾಗುತ್ತದೆ. ತಂದೆ ಜೂಲಿಯಸ್ ಟ್ಯೂರಿಂಗ್ ಐಸಿಎಸ್ ಅಧಿಕಾರಿ. ಮದ್ರಾಸ್ ಪ್ರಾಂತ್ಯದಲ್ಲಿ ಕೆಲಸ. ಅಸಿಸ್ಟೆಂಟ್ ಕಲೆಕ್ಟರ್ ಮತ್ತು ಮ್ಯಾಜಿಸ್ಟ್ರೇಟ್ ಆಗಿ ಬಳ್ಳಾರಿ, ಕರ್ನೂಲು ಮೊದಲಾದ ಜಿಲ್ಲೆಗಳಲ್ಲಿ ಊರೂರು ಸುತ್ತಿದವರು. ನಮ್ಮ ದಕ್ಷಿಣ ಕನ್ನಡವೂ ಆಗ ಅದೇ ಪ್ರಾಂತ್ಯದಲ್ಲಿತ್ತು. ತಾಯಿ ಎಥೆಲ್ ಸಾರಾ ಹುಟ್ಟಿದ್ದು ಕೊಯಮತ್ತೂರಿನ ಹತ್ತಿರದ ಪೋದನೂರಿನಲ್ಲಿ. ಅವರ ತಂದೆ ಎಡ್ವರ್ಡ್ ಸ್ಟೋನಿ ಮದ್ರಾಸ್ ರೈಲ್ವೆಯ ಚೀಫ್ ಇಂಜಿನಿಯರ್. ತುಂಗಭದ್ರಾ ನದಿಗೆ ರೈಲ್ವೆ ಸೇತುವೆ ಕಟ್ಟಿಸಿದವರು. ಸದ್ದು ಮಾಡದ ಪಂಖಾ ಚಕ್ರವೊಂದಕ್ಕೆ ಪೇಟೆಂಟ್ ಪಡೆದಿದ್ದರು ಕೂಡ. ಮೊಮ್ಮಗನಿಗೆ ಯಂತ್ರದ ಹುಚ್ಚು ಎಲ್ಲಿಂದ ಬಂತು ಎಂದು ಕೇಳುವವರು ಈ ಅಜ್ಜನನ್ನು ನೆನಪಿಟ್ಟುಕೊಳ್ಳಬೇಕು.

ಅಲನ್ ಹುಟ್ಟಿದ್ದು ಮಾತ್ರ ಲಂಡನ್ನಿನಲ್ಲಿ, 1912ರ ಜೂನ್ 23ರಂದು. ಮಗು ಇನ್ನೂ ಮಾತು ಕಲಿಯುವ ಮೊದಲೇ ತಂದೆ, ಆಮೇಲೆ ತಾಯಿ ಭಾರತಕ್ಕೆ ಮರಳಿದರು. ಅಲನ್ ಮತ್ತು ಅಣ್ಣ ಜಾನ್ ಇಂಗ್ಲೆಂಡಿನ ಕಡಲ ತೀರದ ಊರೊಂದರಲ್ಲಿ, ನಿವೃತ್ತ ಸೇನಾಧಿಕಾರಿಯೊಬ್ಬರ ಮನೆಯಲ್ಲಿ ಉಳಿದರು. ಅಪ್ಪ ಗಲ್ಫಿನಲ್ಲಿ, ಮಕ್ಕಳು ಅಜ್ಜಿ ಮನೆಯಲ್ಲಿ ಎಂಬ ಕಥೆ ನಮ್ಮೂರಿನಲ್ಲಿ ಎಷ್ಟೋ ಮನೆಗಳದ್ದು. ಇಲ್ಲಿ ಅಜ್ಜಿಯೂ ಇರಲಿಲ್ಲ.

1926ರಲ್ಲಿ ಶೆರ್ಬೋರ್ನ್ ಎಂಬ ಬೋರ್ಡಿಂಗ್ ಶಾಲೆಗೆ ಸೇರುವ ದಿನ ಇಂಗ್ಲೆಂಡಿನಲ್ಲಿ ಸಾರ್ವತ್ರಿಕ ಮುಷ್ಕರ. ರೈಲು, ಬಸ್ಸು ಇಲ್ಲ. ಹದಿಮೂರರ ಹುಡುಗ ಸೌತಾಂಪ್ಟನ್ ಬಂದರಿನಿಂದ ಸೈಕಲ್ ತುಳಿದ. ಸುಮಾರು 60 ಮೈಲಿ, ದಾರಿಯಲ್ಲಿ ಒಂದು ರಾತ್ರಿ ಹೋಟೆಲಿನಲ್ಲಿ ತಂಗಿ, ಮರುದಿನ ಶಾಲೆ ತಲುಪಿದ. ಕಲ್ಲಡ್ಕದಲ್ಲಿ ಅರ್ಧ ಗಂಟೆ ಬಸ್ ನಿಂತರೆ ಮೊದಲ ಪೀರಿಯಡ್ ಬಿಟ್ಟು ವಾಪಸ್ ಹೋಗೋಣ ಎನ್ನುವ ನಮ್ಮ ಗುಂಪಿಗೆ ನಾನು ಈ ಕಥೆ ಹೇಳಿದ್ದೇನೆ. ಯಾರಿಗೂ ಇಷ್ಟವಾಗಲಿಲ್ಲ.

ಶಾಲೆಯಲ್ಲಿ ಅವನಿಗೆ ಒಳ್ಳೆಯ ಹೆಸರಿರಲಿಲ್ಲ. ಕೈಬರಹ ಕೆಟ್ಟದು, ಕೈತುಂಬ ಶಾಯಿ, ಉತ್ತರ ಸರಿ ಇದ್ದರೂ ಹಂತಗಳಿಲ್ಲ. ಬರೀ ವಿಜ್ಞಾನಿಯಾಗುವುದೇ ಗುರಿಯಾದರೆ ಇಲ್ಲಿ ಇರುವುದು ಸಮಯ ಹಾಳು ಎಂದು ಹೆಡ್‌ಮಾಸ್ಟರ್ ಮನೆಗೆ ಬರೆದರು. ಲ್ಯಾಬ್ ರೆಕಾರ್ಡಿನಲ್ಲಿ ಪೆನ್ಸಿಲ್ ಗೆರೆ ಸರಿ ಇಲ್ಲವೆಂದು ಸಹಿ ಹಾಕಿಸಿಕೊಳ್ಳಲಾಗದೆ ಮೂರು ಬಾರಿ ಅದೇ ಪ್ರಯೋಗ ಬರೆದವರು ಇದನ್ನು ಓದಿ ಸ್ವಲ್ಪ ನಗಬಹುದು. ಇನ್ನೊಂದು ಅಭ್ಯಾಸವೂ ಇತ್ತು: ಪುಸ್ತಕ ನೋಡಿ ಕಲಿಯುವ ಬದಲು ಎಲ್ಲವನ್ನೂ ಬುಡದಿಂದ ತಾನೇ ಮಾಡಿ ನೋಡುವುದು. ಯಾರೂ ಇಲ್ಲದ ದ್ವೀಪದಲ್ಲಿ ಒಬ್ಬನೇ ಸಿಕ್ಕಿಬಿದ್ದವನ ಹಾಗೆ, ಮನೆಯಲ್ಲಿ ಸಿಗುವ ಸಾಮಾನಿನಿಂದಲೇ ರಾಸಾಯನಿಕ ತಯಾರಿಸುವುದು ಕೊನೆಯವರೆಗೂ ಅವನ ಆಟವಾಗಿತ್ತು.

ಆ ಶಾಲೆಯಲ್ಲಿ ಅವನನ್ನು ಅರ್ಥ ಮಾಡಿಕೊಂಡವನು ಒಬ್ಬನೇ: ಒಂದು ವರ್ಷ ಮುಂದಿದ್ದ ಕ್ರಿಸ್ಟೋಫರ್ ಮೋರ್ಕಮ್. ಗಣಿತ, ನಕ್ಷತ್ರ, ರಸಾಯನ ಎಲ್ಲದರಲ್ಲೂ ಜೊತೆ. ಅಲನ್‌ಗೆ ಅವನ ಮೇಲೆ ಗೆಳೆತನಕ್ಕಿಂತ ಆಳವಾದ ಪ್ರೀತಿ. 1929ರ ಕೊನೆಯಲ್ಲಿ ಇಬ್ಬರೂ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಸ್ಕಾಲರ್‌ಶಿಪ್ ಪರೀಕ್ಷೆ ಬರೆದರು. ಕ್ರಿಸ್ಟೋಫರ್‌ಗೆ ಸಿಕ್ಕಿತು, ಅಲನ್‌ಗೆ ಇಲ್ಲ. ಎರಡು ತಿಂಗಳ ಬಳಿಕ, 1930ರ ಫೆಬ್ರವರಿಯಲ್ಲಿ, ಕ್ರಿಸ್ಟೋಫರ್ ತೀರಿಕೊಂಡ. ಚಿಕ್ಕಂದಿನಲ್ಲಿ ಕುಡಿದ ಹಾಲಿನಿಂದ ಹತ್ತಿದ ಕ್ಷಯ. ಗೆಳೆಯ ಮಾಡಬೇಕಿದ್ದ ಕೆಲಸವನ್ನು ಇನ್ನು ತಾನೇ ಮಾಡಬೇಕು ಎಂದು ಅಲನ್ ಆಗ ನಿಶ್ಚಯಿಸಿಕೊಂಡ. ಅದೇ ವರ್ಷ ಮತ್ತೆ ಪರೀಕ್ಷೆ ಬರೆದು ಕಿಂಗ್ಸ್ ಕಾಲೇಜಿನ ಸ್ಕಾಲರ್‌ಶಿಪ್ ಪಡೆದ.

ಮೊದಲ ಏಟು ಇಲ್ಲಿ. ಡಿಗ್ರಿ ಮುಗಿಸಿ ಫೆಲೋಶಿಪ್‌ಗೆಂದು ಸೆಂಟ್ರಲ್ ಲಿಮಿಟ್ ಥಿಯರಮ್ ಎಂಬ ಸಂಖ್ಯಾಶಾಸ್ತ್ರದ ಪ್ರಮೇಯವನ್ನು ಅವನು ಸ್ವಂತವಾಗಿ ಸಾಧಿಸಿದ. ಆಮೇಲೆ ನೋಡಿದರೆ ಫಿನ್ಲೆಂಡಿನ ಲಿಂಡೆಬರ್ಗ್ 1922ರಲ್ಲೇ ಅದನ್ನು ಸಾಧಿಸಿಬಿಟ್ಟಿದ್ದರು. ನಮ್ಮಲ್ಲಾಗಿದ್ದರೆ ಸಿನಾಪ್ಸಿಸ್ ವಾಪಸ್. ಕಿಂಗ್ಸ್ ಕಾಲೇಜು 1935ರಲ್ಲಿ 22 ವರ್ಷದ ಟ್ಯೂರಿಂಗ್‌ರನ್ನು ಫೆಲೋ ಮಾಡಿತು. ಗೊತ್ತಿಲ್ಲದೆ ಒಬ್ಬರೇ ಅಲ್ಲಿಗೆ ತಲುಪಿದ್ದನ್ನು ಅವರು ಸಾಮರ್ಥ್ಯ ಎಂದು ನೋಡಿದರು. ಈ ಒಂದು ನಿರ್ಧಾರ ಆ ಕಾಲೇಜಿನ ಬಗ್ಗೆ ನನಗೆ ಹೊಟ್ಟೆಕಿಚ್ಚು ಹುಟ್ಟಿಸುತ್ತದೆ.

ಎರಡನೆಯದು ಇನ್ನೂ ದೊಡ್ಡದು. ಗಣಿತದ ಯಾವುದೇ ಹೇಳಿಕೆ ಕೊಟ್ಟರೂ ಅದನ್ನು ಸಾಧಿಸಬಹುದೋ ಇಲ್ಲವೋ ಎಂದು ಲೆಕ್ಕ ಹಾಕಿ ಹೇಳುವ ಒಂದು ಖಚಿತ ವಿಧಾನ ಇದೆಯೇ? ಜರ್ಮನಿಯ ಹಿಲ್ಬರ್ಟ್ ಎತ್ತಿದ ಈ ಪ್ರಶ್ನೆಯನ್ನು ಟ್ಯೂರಿಂಗ್ ಮ್ಯಾಕ್ಸ್ ನ್ಯೂಮನ್ ಅವರ ಪಾಠದಲ್ಲಿ ಕೇಳಿದರು. ಅವರು ಹಿಡಿದ ದಾರಿ ವಿಚಿತ್ರ. ಒಂದು ಯಂತ್ರವನ್ನು ಊಹಿಸಿಕೊಂಡರು. ಚೌಕ ಚೌಕವಾದ ಉದ್ದನೆಯ ಪಟ್ಟಿ, ಒಂದು ಸಲಕ್ಕೆ ಒಂದೇ ಚೌಕ ಓದುವ ತಲೆ, ಏನು ಕಂಡರೆ ಏನು ಮಾಡಬೇಕೆಂಬ ನಿಯಮಗಳ ಪಟ್ಟಿ. ಅಷ್ಟೇ. ಆಮೇಲೆ ಒಂದು ಹೆಜ್ಜೆ ಮುಂದೆ ಹೋದರು. ಒಂದು ಯಂತ್ರದ ನಿಯಮಗಳನ್ನೇ ಅಕ್ಷರಗಳಾಗಿ ಪಟ್ಟಿಯ ಮೇಲೆ ಬರೆದರೆ, ಇನ್ನೊಂದು ಯಂತ್ರ ಅದನ್ನು ಓದಿ ಆ ಮೊದಲ ಯಂತ್ರದ ಹಾಗೇ ನಡೆದುಕೊಳ್ಳಬಹುದು. ಸರಿಯಾಗಿ ಕಟ್ಟಿದ ಒಂದೇ ಯಂತ್ರ ಉಳಿದೆಲ್ಲದರ ವೇಷ ಹಾಕಬಹುದು. ಓದುತ್ತಾ ಇಲ್ಲಿಗೆ ಬಂದಾಗ ನಾನು ಪುಸ್ತಕ ಮಡಚಿಟ್ಟೆ. ಎಮ್ಯುಲೇಟರ್ ಎಂದರೆ ಇದೇ ತಾನೇ! ಜಗತ್ತಿನಲ್ಲಿ ಇನ್ನೂ ಒಂದೂ ಎಲೆಕ್ಟ್ರಾನಿಕ್ ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಒಬ್ಬ ಹುಡುಗ ಎಮ್ಯುಲೇಟರ್ ಯೋಚಿಸಿದ್ದ.

ಅಂಥ ಯಂತ್ರಕ್ಕೂ ಬಗೆಹರಿಸಲಾಗದ ಪ್ರಶ್ನೆಗಳಿವೆ, ಹಾಗಾಗಿ ಹಿಲ್ಬರ್ಟ್ ಕೇಳಿದ ವಿಧಾನ ಇಲ್ಲವೇ ಇಲ್ಲ ಎಂದು 1936ರಲ್ಲಿ ಟ್ಯೂರಿಂಗ್ ಪ್ರಬಂಧ ಮುಗಿಸಿದರು. ಅಷ್ಟರಲ್ಲಿ ಅಮೆರಿಕದಿಂದ ಒಂದು ಪ್ರಬಂಧ ಬಂತು. ಪ್ರಿನ್ಸ್‌ಟನ್‌ನ ಅಲೊಂಜೊ ಚರ್ಚ್ ಅದೇ ಉತ್ತರವನ್ನು ಬೇರೆ ರೀತಿಯಲ್ಲಿ ಕೊಟ್ಟಾಗಿತ್ತು. ಒಂದು ವರ್ಷದ ಕೆಲಸ, ಕೆಲವೇ ವಾರಗಳಲ್ಲಿ ಹಿಂದೆ ಬಿತ್ತು. ದಾರಿ ಪೂರ್ತಿ ಬೇರೆ ಎಂದು ನ್ಯೂಮನ್ ಒತ್ತಾಯಿಸಿದ್ದರಿಂದ ಪ್ರಬಂಧ ಅಚ್ಚಾಯಿತು. ಟ್ಯೂರಿಂಗ್ ಚರ್ಚ್ ಅವರ ಬಳಿಗೇ ಹೋಗಿ 1938ರಲ್ಲಿ ಪಿಎಚ್‌ಡಿ ಪಡೆದರು. ಇವತ್ತು ಇಬ್ಬರ ಹೆಸರೂ ಒಟ್ಟಿಗೇ ನಮ್ಮ ಸಿಲಬಸ್‌ನಲ್ಲಿದೆ. ಉತ್ತರ ಚರ್ಚ್ ಅವರದೂ ಹೌದು, ಆದರೆ ಯಂತ್ರ ಟ್ಯೂರಿಂಗ್ ಅವರದು.

ಪ್ರಿನ್ಸ್‌ಟನ್‌ನಲ್ಲಿ ಅವರದೊಂದು ಹವ್ಯಾಸದ ಪ್ರಾಜೆಕ್ಟ್ ಇತ್ತು. ವಿದ್ಯುತ್ತಿನಿಂದ ಗುಣಾಕಾರ ಮಾಡುವ ಯಂತ್ರ. ಭೌತಶಾಸ್ತ್ರದ ಗೆಳೆಯರೊಬ್ಬರಿಂದ ವರ್ಕ್‌ಶಾಪಿನ ಕೀ ಪಡೆದು, ಬೇಕಾದ ರಿಲೇಗಳನ್ನು ತಾವೇ ತಯಾರಿಸಿ, ಕೆಲವು ಹಂತ ಕಟ್ಟಿದರು. ಕೇಂಬ್ರಿಜ್‌ಗೆ ಮರಳಿದ ಮೇಲೆ 1939ರಲ್ಲಿ ಇನ್ನೊಂದು: ಗಣಿತದ ಝೀಟಾ ಫಂಕ್ಷನ್ ಲೆಕ್ಕ ಹಾಕಲು ಹಲ್ಲುಚಕ್ರಗಳ ಯಂತ್ರ. ರಾಯಲ್ ಸೊಸೈಟಿ 40 ಪೌಂಡ್ ಕೊಟ್ಟಿತು. ಚಕ್ರಗಳನ್ನು ಕೊಯ್ದು ಕೋಣೆಯಲ್ಲಿ ಹರಡಿಕೊಂಡಿದ್ದರು. ಯುದ್ಧ ಬಂತು, ಯಂತ್ರ ಹಾಗೇ ಉಳಿಯಿತು. ಟ್ಯೂರಿಂಗ್ ಬದುಕಿನಲ್ಲಿ ನನಗೆ ಅತಿ ಇಷ್ಟವಾದ ವಸ್ತು ಆ ಅರ್ಧಂಬರ್ಧ ಚಕ್ರಗಳು.

ಯುದ್ಧದ ಕಥೆಯನ್ನು ಸಿನಿಮಾದಲ್ಲಿ ಬಹಳ ಮಂದಿ ನೋಡಿರುತ್ತೀರಿ, ಹಾಗಾಗಿ ಚುಟುಕಾಗಿ ಹೇಳುತ್ತೇನೆ. ಬ್ರಿಟನ್ ಯುದ್ಧ ಘೋಷಿಸಿದ ಮರುದಿನ, 1939ರ ಸೆಪ್ಟೆಂಬರ್ 4ರಂದು, ಟ್ಯೂರಿಂಗ್ ಬ್ಲೆಚ್ಲಿ ಪಾರ್ಕ್ ಎಂಬ ಗುಪ್ತ ಕೇಂದ್ರ ಸೇರಿದರು. ಜರ್ಮನ್ನರ ಎನಿಗ್ಮಾ ಸಂಕೇತ ಒಡೆಯುವುದು ಕೆಲಸ. ಸಿನಿಮಾ ಸರಿಯಾಗಿ ತೋರಿಸದ ಒಂದು ವಿಷಯವಿದೆ: ಎನಿಗ್ಮಾವನ್ನು ಮೊದಲು ಒಡೆದವರು ಪೋಲೆಂಡಿನವರು. ಮರಿಯನ್ ರೆಯೆವ್ಸ್ಕಿ 1932ರಲ್ಲೇ ಅದನ್ನು ಸಾಧಿಸಿದ್ದರು. ಯುದ್ಧಕ್ಕೆ ಸ್ವಲ್ಪ ಮೊದಲು ಅವರ ತಂಡ ತಮ್ಮ ವಿದ್ಯೆಯನ್ನೆಲ್ಲ ಬ್ರಿಟಿಷರಿಗೆ ಕೊಟ್ಟಿತು. ಇಲ್ಲೂ ಯಾರೋ ಮೊದಲು! ಆದರೆ ಜರ್ಮನ್ನರು ಪದ್ಧತಿ ಬದಲಿಸುತ್ತಾ ಹೋದರು. ಸಂದೇಶದಲ್ಲಿ ಇರಬಹುದಾದ ಪದವನ್ನು ಊಹಿಸಿ, ಅದಕ್ಕೆ ಹೊಂದದ ಸೆಟ್ಟಿಂಗ್‌ಗಳನ್ನೆಲ್ಲ ತಳ್ಳಿಹಾಕುವ ಬಾಂಬ್ ಎಂಬ ಯಂತ್ರವನ್ನು ಟ್ಯೂರಿಂಗ್ ರೂಪಿಸಿದರು. ಗಾರ್ಡನ್ ವೆಲ್ಚ್‌ಮನ್ ಅದನ್ನು ಇನ್ನೂ ಚುರುಕಾಗಿಸಿದರು. ನೌಕಾಪಡೆಯ ಎನಿಗ್ಮಾ ಎಲ್ಲಕ್ಕಿಂತ ಕಠಿಣ. ಅದಕ್ಕೆ ಬೇರೆ ಯಾರೂ ಕೈ ಹಾಕದೆ ಇದ್ದದ್ದೇ ಟ್ಯೂರಿಂಗ್‌ಗೆ ಅದು ಇಷ್ಟವಾಗಲು ಕಾರಣ. ಒಬ್ಬರೇ ಕೂತು ಕೆಲಸ ಮಾಡಲು ಬಿಡುತ್ತಾರಲ್ಲ!

ಅಲ್ಲೂ ದಿನನಿತ್ಯದ ಗೋಳು ಇತ್ತು. ಕ್ಲರ್ಕುಗಳು ಸಾಲದು, ಟೈಪಿಸ್ಟ್‌ಗಳು ಸಾಲದು. ಮೇಲಿನವರಿಗೆ ಹೇಳಿ ಹೇಳಿ ಸಾಕಾಗಿ 1941ರ ಅಕ್ಟೋಬರಿನಲ್ಲಿ ಟ್ಯೂರಿಂಗ್ ಮತ್ತು ಮೂವರು ಸಂಗಾತಿಗಳು ನೇರ ಪ್ರಧಾನಿ ಚರ್ಚಿಲ್‌ಗೇ ಪತ್ರ ಬರೆದರು. ಬೇಕಾದ್ದನ್ನೆಲ್ಲ ತಕ್ಷಣ ಕೊಡಿ ಎಂದು ಚರ್ಚಿಲ್ ಆದೇಶಿಸಿದರು. ಲ್ಯಾಬಿನಲ್ಲಿ ಇಬ್ಬರಿಗೊಂದು ಸಿಸ್ಟಮ್ ಎಂದು ಗೊಣಗುವ ನಮಗೆ ಇಂಥ ಧೈರ್ಯ ಬರಬೇಕಷ್ಟೆ. ಟ್ಯೂರಿಂಗ್‌ರ ಸೈಕಲ್ ಚೈನ್ ಪದೇ ಪದೇ ಕಳಚುತ್ತಿತ್ತು. ಎಷ್ಟು ಸುತ್ತಿಗೊಮ್ಮೆ ಕಳಚುತ್ತದೆ ಎಂದು ಎಣಿಸಿ, ಸರಿಯಾಗಿ ಅದಕ್ಕೆ ಮುಂಚೆ ಪೆಡಲ್ ನಿಲ್ಲಿಸಿ ಸರಿಪಡಿಸಿಕೊಂಡು ಮುಂದೆ ಹೋಗುತ್ತಿದ್ದರಂತೆ. ರಿಪೇರಿ ಅಂಗಡಿಗೆ ಹೋಗಲಿಲ್ಲ.

ಯುದ್ಧ ಮುಗಿದ ಮೇಲೆ ಕಾಗದದ ಯಂತ್ರವನ್ನು ನಿಜವಾಗಿ ಕಟ್ಟುವ ಆಸೆ. ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ ಸೇರಿ ಎಸಿಇ ಎಂಬ ಕಂಪ್ಯೂಟರಿನ ಪೂರ್ತಿ ವಿನ್ಯಾಸವನ್ನು ಬೇಗನೇ ಬರೆದುಕೊಟ್ಟರು. ಕಟ್ಟುವ ಕೆಲಸ ಮಾತ್ರ ಸಮಿತಿಗಳಲ್ಲಿ ಸಿಕ್ಕಿ ತೆವಳಿತು. ಎಲೆಕ್ಟ್ರಾನಿಕ್ ಯಂತ್ರಗಳು ಸಾವಿರಾರು ವಾಲ್ವ್ ಇಟ್ಟುಕೊಂಡು ಕೆಲಸ ಮಾಡುವುದನ್ನು ಬ್ಲೆಚ್ಲಿಯಲ್ಲಿ ಕಣ್ಣಾರೆ ಕಂಡಿದ್ದರೂ ಅದು ರಹಸ್ಯ, ಯಾರಿಗೂ ಹೇಳುವಂತಿರಲಿಲ್ಲ. ಆ ಕಾಲದಲ್ಲಿ ಟ್ಯೂರಿಂಗ್ ಓಡುತ್ತಿದ್ದರು, ಅಕ್ಷರಶಃ. 1947ರ ಮ್ಯಾರಥಾನಿನಲ್ಲಿ 2 ಗಂಟೆ 46 ನಿಮಿಷದಲ್ಲಿ ಗುರಿ ಮುಟ್ಟಿ ಐದನೆಯವರಾದರು.

ಎಸಿಇ ಇನ್ನೂ ಕಾಗದದಲ್ಲೇ ಇರುವಾಗ, 1948ರ ಜೂನ್ 21ರಂದು, ಮ್ಯಾಂಚೆಸ್ಟರಿನಲ್ಲಿ ವಿಲಿಯಮ್ಸ್, ಕಿಲ್ಬರ್ನ್ ಮತ್ತು ಟೂಟಿಲ್ ಕಟ್ಟಿದ ಬೇಬಿ ತನ್ನ ಮೊದಲ ಪ್ರೋಗ್ರಾಂ ಓಡಿಸಿತು. ತನ್ನ ಮೆಮೊರಿಯಲ್ಲೇ ಇಟ್ಟುಕೊಂಡ ಪ್ರೋಗ್ರಾಮನ್ನು ಓಡಿಸಿದ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಎಂಬ ಹೆಸರು ಅದರದಾಯಿತು. ಮತ್ತೆ ಯಾರೋ ಮೊದಲು. ಟ್ಯೂರಿಂಗ್ ಏನು ಮಾಡಿದರು? ಜುಲೈನಲ್ಲೇ ಆ ಬೇಬಿಗೆ ಭಾಗಾಕಾರದ ಪ್ರೋಗ್ರಾಂ ಬರೆದರು. ಆಮೇಲೆ ಮ್ಯಾಂಚೆಸ್ಟರಿಗೇ ಕೆಲಸಕ್ಕೆ ಹೋದರು.

ಬೇಬಿಯ ಆ ಮೊದಲ ಪ್ರೋಗ್ರಾಂ 262144ರ ಅತಿ ದೊಡ್ಡ ಅಪವರ್ತನ ಹುಡುಕುತ್ತದೆ, ಒಂದೊಂದೇ ಸಂಖ್ಯೆ ಕೆಳಗಿಳಿಯುತ್ತಾ. ಅಸಲಿ ಯಂತ್ರಕ್ಕೆ 52 ನಿಮಿಷ ಬೇಕಾಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತಿತ್ತು. ಅದು ನ್ಯಾಯವಲ್ಲ ಎನಿಸಿ ಎಮ್ಯುಲೇಟರನ್ನು 1948ರ ವೇಗಕ್ಕೆ ಇಳಿಸಿದೆ. ಈಗ ನನಗೂ 52 ನಿಮಿಷ ಬೇಕು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿದೆ, ಪ್ಲಗ್‌ನಲ್ಲಿದ್ದರೆ ಮಾತ್ರ ಜೀವ. ಮೇ ತಿಂಗಳ ವಿಟ್ಲದಲ್ಲಿ ಸಂಜೆ ನಾಲ್ಕಾದರೆ ಗುಡುಗು. ಗುಡುಗು ಕೇಳಿದ ಕೂಡಲೇ ಅಮ್ಮ ಮನೆಯ ಎಲ್ಲ ಪ್ಲಗ್ ಕೀಳುತ್ತಾರೆ. ಹೋದ ವರ್ಷ ಸಿಡಿಲಿಗೆ ಮೋಡೆಮ್ ಸುಟ್ಟಿತ್ತು, ಅವರದು ತಪ್ಪಲ್ಲ. ಅದೇ ಹೊತ್ತಿಗೆ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ರಾಶಿ ಮಾಡಿ ಟರ್ಪಾಲು ಹೊದೆಸಲು ಓಡಬೇಕು. ಹಗಲಿಗೆ ಇಂಟರ್ನಲ್ಸ್, ಬಸ್ಸು, ಅಪ್ಟಿಟ್ಯೂಡ್ ಕ್ಲಾಸು. ಎರಡು ವಾರ ಒಮ್ಮೆಯೂ 52 ನಿಮಿಷ ಪೂರ್ತಿ ಸಿಗಲಿಲ್ಲ. 40, 47, ಒಮ್ಮೆ 50ರಲ್ಲಿ ಕರೆಂಟ್ ಹೋಯಿತು. ಕೊನೆಗೆ ಒಂದು ರಾತ್ರಿ ಎರಡು ಗಂಟೆಗೆ ಪರದೆಯ ಚುಕ್ಕಿಗಳು ನಿಂತವು. ಬೇಬಿಯಲ್ಲಿ ಬಿಟ್‌ಗಳು ಎಡದಿಂದ ಬಲಕ್ಕೆ, ತಿರುವುಮುರುವು. ಬೆರಳಿಟ್ಟು ಎಣಿಸಿದೆ: 131072. ಉತ್ತರ ಮೊದಲೇ ಗೊತ್ತಿತ್ತು. ಜಗತ್ತಿಗೆ 1948ರಿಂದ ಗೊತ್ತಿದೆ. ಆದರೂ ಎದ್ದು ಹೋಗಿ ಅಮ್ಮನನ್ನು ಎಬ್ಬಿಸಬೇಕೆನಿಸಿತು.

ಟ್ಯೂರಿಂಗ್ ಇದರ ತಿರುಗುಮುರುಗೂ ಮಾಡಿದ್ದರು. ಚೆಸ್ ಆಡುವ ಪ್ರೋಗ್ರಾಂ ಬರೆದರು, ಆದರೆ ಅದನ್ನು ಓಡಿಸಬಲ್ಲ ಕಂಪ್ಯೂಟರ್ ಇರಲಿಲ್ಲ. ಹಾಗಾಗಿ 1952ರಲ್ಲಿ ತಾವೇ ಕಂಪ್ಯೂಟರಾದರು. ಕಾಗದ, ಪೆನ್ಸಿಲ್ ಹಿಡಿದು, ನಿಯಮ ಬಿಟ್ಟು ಒಂದಿಂಚೂ ಆಚೀಚೆ ಹೋಗದೆ, ಒಂದೊಂದು ನಡೆಗೆ ಸುಮಾರು ಅರ್ಧ ಗಂಟೆ ಲೆಕ್ಕ ಹಾಕಿ, ಅಲಿಕ್ ಗ್ಲೆನಿ ಎಂಬ ಸಹೋದ್ಯೋಗಿಯ ವಿರುದ್ಧ ಆಡಿದರು. ಸೋತರು. ಯಂತ್ರಗಳು ಯೋಚಿಸಬಲ್ಲವೇ ಎಂಬ ಅವರ 1950ರ ಪ್ರಬಂಧವನ್ನು ಇವತ್ತು ಎಐ ಕ್ಲಾಸಿನ ಮೊದಲ ದಿನವೇ ಹೇಳಿಕೊಡುತ್ತಾರೆ. ಯಂತ್ರದ ವೇಷ ಹಾಕಿ ಗಂಟೆಗಟ್ಟಲೆ ಕೂತ ಈ ಮನುಷ್ಯನ ಕಥೆ ಹೇಳುವುದಿಲ್ಲ.

ಅದೇ 1952ರಲ್ಲಿ ಅವರ ಬದುಕು ಮುರಿಯಿತು. ಮನೆಯಲ್ಲಿ ಕಳ್ಳತನವಾಯಿತೆಂದು ಪೊಲೀಸರಿಗೆ ದೂರು ಕೊಟ್ಟರು. ವಿಚಾರಣೆಯಲ್ಲಿ ಅವರಿಗೆ ಒಬ್ಬ ಯುವಕನ ಜೊತೆ ಸಂಬಂಧವಿದ್ದದ್ದು ಹೊರಬಿತ್ತು. ಟ್ಯೂರಿಂಗ್ ಸುಳ್ಳು ಹೇಳಲಿಲ್ಲ. ಆಗಿನ ಇಂಗ್ಲೆಂಡಿನಲ್ಲಿ ಅದು ಅಪರಾಧ. ಜೈಲು, ಇಲ್ಲವೇ ಹಾರ್ಮೋನ್ ಚಿಕಿತ್ಸೆ ಎಂದಾಯಿತು, ಎರಡನೆಯದನ್ನು ಒಪ್ಪಿದರು. ಒಂದು ವರ್ಷ ಅವರ ದೇಹಕ್ಕೆ ಹೆಣ್ಣಿನ ಹಾರ್ಮೋನ್ ಸೇರಿಸಲಾಯಿತು. ದೇಶದ ಗುಟ್ಟು ಕಾಪಾಡಿದವರಿಗೆ ಸರ್ಕಾರದ ಗುಪ್ತ ಕೆಲಸದ ಬಾಗಿಲು ಮುಚ್ಚಿತು. ಈ ಮಧ್ಯೆಯೂ ಚಿರತೆಯ ಚುಕ್ಕೆ, ಹೂವಿನ ಎಸಳುಗಳ ಜೋಡಣೆ ಹೇಗೆ ಮೂಡುತ್ತದೆ ಎಂಬ ಹೊಸ ಗಣಿತ ಬರೆಯುತ್ತಿದ್ದರು. ನಮ್ಮ ಗುಡ್ಡೆಯ ಅನಾನಸಿನ ಕಣ್ಣುಗಳನ್ನು ಎಣಿಸಿ ನೋಡಿ. ಒಂದು ಕಡೆಗೆ 8 ಸುರುಳಿ, ಇನ್ನೊಂದು ಕಡೆಗೆ 13 ಸಿಗುತ್ತವೆ. ಅದೇಕೆ ಹಾಗೆ ಎಂಬುದು ಅವರ ಕೊನೆಯ ಪ್ರಶ್ನೆಗಳಲ್ಲಿ ಒಂದು. ಆ ಕೆಲಸವನ್ನು ಅವರಿಗಿಂತ ಮೊದಲು ಆ ರೀತಿಯಲ್ಲಿ ಯಾರೂ ಮಾಡಿರಲಿಲ್ಲ. ಅದು ಮುಗಿಯಲಿಲ್ಲ. 1954ರ ಜೂನ್ 7ರಂದು ಸಯನೈಡ್ ವಿಷದಿಂದ ಟ್ಯೂರಿಂಗ್ ತೀರಿಕೊಂಡರು. ವಯಸ್ಸು 41. ಆತ್ಮಹತ್ಯೆ ಎಂದು ವಿಚಾರಣೆ ತೀರ್ಮಾನಿಸಿತು. ಮನೆಯಲ್ಲಿ ಮಾಡುತ್ತಿದ್ದ ಪ್ರಯೋಗದ ವಿಷ ಅಜಾಗರೂಕತೆಯಿಂದ ಒಳಗೆ ಹೋಗಿರಬೇಕು ಎಂದು ತಾಯಿ ನಂಬಿದರು.

ಬ್ರಿಟನ್ ಸರ್ಕಾರ 2009ರಲ್ಲಿ ಕ್ಷಮೆ ಕೇಳಿತು, 2013ರಲ್ಲಿ ರಾಣಿಯ ಕ್ಷಮಾದಾನ ಬಂತು. 2021ರಿಂದ 50 ಪೌಂಡ್ ನೋಟಿನ ಮೇಲೆ ಅವರ ಚಿತ್ರವಿದೆ. ಇದನ್ನು ಅವರ ದೇಶದ ಕಥೆ ಎಂದು ದೂರವಿಡಲು ನನಗಾಗುವುದಿಲ್ಲ. ಬಳ್ಳಾರಿಯಲ್ಲಿ ಜೂಲಿಯಸ್ ಟ್ಯೂರಿಂಗ್ ಮ್ಯಾಜಿಸ್ಟ್ರೇಟ್ ಆಗಿದ್ದಾಗ ಜಾರಿಯಲ್ಲಿದ್ದ ಇಂಡಿಯನ್ ಪೀನಲ್ ಕೋಡಿನಲ್ಲಿ 377ನೇ ಸೆಕ್ಷನ್ ಇತ್ತು. ಮುಂದೆ ಮಗನನ್ನು ಅಪರಾಧಿ ಮಾಡಿದ ಕಾನೂನಿನ ಹತ್ತಿರದ ಸಂಬಂಧಿ ಅದು. ವಯಸ್ಕರು ಪರಸ್ಪರ ಒಪ್ಪಿ ಇಟ್ಟುಕೊಂಡ ಸಂಬಂಧ ಅಪರಾಧವಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಆಗ ನಾನು ಹೈಸ್ಕೂಲಿಗೂ ಸೇರಿರಲಿಲ್ಲ. ಇವತ್ತಿಗೂ ನಮ್ಮ ಹಾಸ್ಟೆಲ್ಲುಗಳಲ್ಲಿ ಈ ವಿಷಯದ ಮೇಲೆ ಆಡುವ ಜೋಕುಗಳನ್ನು ಕೇಳಿ, ಏನೂ ಹೇಳಲಾಗದೆ ನಗುವವರು ಇದ್ದೇ ಇರುತ್ತಾರೆ.

ಮಗನ ಜೀವನಚರಿತ್ರೆಯನ್ನು ಮೊದಲು ಬರೆದವರು ತಾಯಿ ಸಾರಾ. 1959ರಲ್ಲಿ ಅದು ಪ್ರಕಟವಾಯಿತು. ಯುದ್ಧದ ವರ್ಷಗಳಲ್ಲಿ ಮಗ ಏನು ಮಾಡುತ್ತಿದ್ದ ಎಂಬುದು ಆಗಿನ್ನೂ ಸರ್ಕಾರಿ ರಹಸ್ಯ, 1970ರ ದಶಕದವರೆಗೂ ಹೊರಬರಲಿಲ್ಲ. ಆ ಭಾಗದಲ್ಲಿ ಅವರಿಗೆ ಬರೆಯಲು ಏನೂ ಇರಲಿಲ್ಲ. ಶಾಲೆಯ ರಿಪೋರ್ಟುಗಳನ್ನು ಮಾತ್ರ ಜೋಪಾನವಾಗಿ ಎತ್ತಿಟ್ಟಿದ್ದರು. ಅವು ಪುಸ್ತಕದಲ್ಲಿವೆ, ಕೈಬರಹದ ಮೇಲಿನ ದೂರುಗಳೂ ಸೇರಿ.